ಪ್ರಕರಣ ಅಧ್ಯಯನ: ಕೊಬ್ಬರಿ ಮಂಡಿಯ ಸರ್ವರ್, ಫಾರ್ಮ್ಯಾಟ್ ಮಾಡದೆ ಸೆಂಟ್‌ಒಎಸ್‌ನಿಂದ ಆಲ್ಮಾಲಿನಕ್ಸ್‌ಗೆ

ತುಮಕೂರು ಜಿಲ್ಲೆಯ ತಿಪಟೂರು ಭಾಗದ ಒಂದು ಕೊಬ್ಬರಿ ಮಂಡಿಯಲ್ಲಿ 2022ರಲ್ಲಿ ನಡೆದ ಕೆಲಸ ಇದು. ಸೆಂಟ್‌ಒಎಸ್, ಆಲ್ಮಾಲಿನಕ್ಸ್ ಎರಡೂ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಬಗೆಗಳು. ಮಂಡಿಯ ಹೆಸರು, ಬೀದಿ, ಜನರ ಗುರುತು ಬಿಟ್ಟಿದ್ದೇನೆ. ಯಜಮಾನರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವ ಸಣ್ಣ ಕಚೇರಿಗಳು ನಮ್ಮ ಕಡೆ ಬೇಕಾದಷ್ಟಿವೆ. ಮಂಡಿ, ಸಹಕಾರ ಸಂಘ, ಶಾಲೆ, ಗಿರಣಿ ಹೀಗೆ. ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್ ಇರುತ್ತದೆ. ಹಾಕಿಕೊಟ್ಟವರು ಈಗ ಫೋನಿಗೆ ಸಿಗುವುದಿಲ್ಲ. ನಡೆಯುತ್ತಿದೆಯಲ್ಲ ಅಂತ ಯಾರೂ ಅದನ್ನು ಮುಟ್ಟುವುದಿಲ್ಲ.

ಹಿನ್ನೆಲೆ

ಗುಮಾಸ್ತರ ಮೇಜಿನ ಕೆಳಗೆ ಒಂದು ಟವರ್ ಸರ್ವರ್. ಅದರ ಮೇಲೆ ಸೆಂಟ್‌ಒಎಸ್ 8, ಪೋಸ್ಟ್‌ಗ್ರೆಸ್ 12 ಡೇಟಾಬೇಸ್, ಮತ್ತು ಒಬ್ಬ ಪ್ರೋಗ್ರಾಮರ್ ಮಂಡಿಗಾಗಿಯೇ ಬರೆದುಕೊಟ್ಟ ಲೆಕ್ಕದ ತಂತ್ರಾಂಶ. ರೈತರು ಕೊಬ್ಬರಿ ಚೀಲ ಇಳಿಸಿದಾಗ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ನೇರವಾಗಿ ಈ ಯಂತ್ರಕ್ಕೆ ಬರುತ್ತದೆ. ಲಾಟ್ ಸಂಖ್ಯೆ ಬೀಳುತ್ತದೆ. ದರ ಆದ ಮೇಲೆ ರೈತನ ಹೆಸರು, ಊರು, ತೂಕ, ಹಣ ಎಲ್ಲ ಕನ್ನಡದಲ್ಲೇ ಇರುವ ಪಟ್ಟಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಮುದ್ರಣವಾಗುತ್ತದೆ. ರೈತ ಆ ಪಟ್ಟಿ ಹಿಡಿದೇ ಹಣ ಕೇಳುವುದು. ಪಟ್ಟಿ ನಿಂತರೆ ಮಂಡಿ ನಿಂತಂತೆಯೇ.

ತಂತ್ರಾಂಶ ಬರೆದವರು ಬೇರೆ ದೇಶಕ್ಕೆ ಹೋಗಿದ್ದರು. ಯಂತ್ರವನ್ನು ಹೇಗೆ ಸಿದ್ಧಮಾಡಿದ್ದು ಎಂಬುದರ ಬರಹ ಎಲ್ಲೂ ಇರಲಿಲ್ಲ. ತಕ್ಕಡಿಯ ಯುಎಸ್‌ಬಿ ವೈರಿಗೆ ಖಾಯಂ ಹೆಸರು ಕೊಡುವ ಸಣ್ಣ ನಿಯಮ, ಪ್ರಿಂಟರ್‌ನ ಕಾಗದದ ಅಳತೆ, ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್, ಎಲ್ಲವೂ ಯಂತ್ರದೊಳಗೇ ಅಲ್ಲಲ್ಲಿ ಚದುರಿದ್ದವು.

ತೊಂದರೆ ಶುರುವಾಗಿದ್ದು

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಹೊಸ ಪ್ರಿಂಟರ್‌ಗೆ ಒಂದು ಪ್ಯಾಕೇಜ್ (ತಂತ್ರಾಂಶದ ಕಟ್ಟು) ಹಾಕಲು ಹೋದ. ಸರ್ವರ್ ಒಪ್ಪಲಿಲ್ಲ. ಆ್ಯಪ್‌ಸ್ಟ್ರೀಮ್ ಎಂಬ ರೆಪೊದ (ನೆಟ್‌ನಲ್ಲಿರುವ ಪ್ಯಾಕೇಜುಗಳ ಸಂಗ್ರಹದ) ಮಾಹಿತಿ ಇಳಿಸಲಾಗುತ್ತಿಲ್ಲ, ಮಿರರ್ (ಅದರ ಪ್ರತಿ ಇಟ್ಟಿರುವ ತಾಣ) ಪಟ್ಟಿಯಲ್ಲಿ ಒಂದು ವಿಳಾಸವೂ ಇಲ್ಲ ಎಂಬ ಸಂದೇಶ ಬಂತು. ನೆಟ್ ಸರಿ ಇತ್ತು. ಹಾಗಾಗಿ ಅವನು ನನಗೆ ಫೋನ್ ಮಾಡಿದ.

ಆ ವರ್ಷ ಈ ಸಂದೇಶ ಕಂಡವರು ತುಂಬಾ ಜನ. ಕಾರಣ ಹಿಂದಿನದು. 2019ರ ಸೆಪ್ಟೆಂಬರ್‌ನಲ್ಲಿ ಸೆಂಟ್‌ಒಎಸ್ 8 ಬಂದಾಗ ಅದಕ್ಕೆ 2029ರವರೆಗೆ ಬೆಂಬಲ ಇದೆ ಎಂದೇ ಜನ ನಂಬಿದ್ದರು. 2020ರ ಡಿಸೆಂಬರ್ 8ರಂದು ಹೊಸ ಪ್ರಕಟಣೆ ಬಂತು. ಬೆಂಬಲ 2021ರ ಡಿಸೆಂಬರ್ 31ಕ್ಕೇ ಮುಗಿಯುತ್ತದೆ, ಮುಂದೆ ಸೆಂಟ್‌ಒಎಸ್ ಸ್ಟ್ರೀಮ್ ಎಂಬ ಬೇರೆ ಬಗೆ ಮಾತ್ರ ಇರುತ್ತದೆ ಎಂದು. ಹೇಳಿದಂತೆಯೇ ಬೆಂಬಲ ಮುಗಿಯಿತು. 2022ರ ಜನವರಿ ಕೊನೆಗೆ ಪ್ಯಾಕೇಜುಗಳನ್ನು ಮಿರರ್‌ಗಳಿಂದ ತೆಗೆದು ವಾಲ್ಟ್ ಎಂಬ ಹಳೆಯ ಸಂಗ್ರಹಕ್ಕೆ ಸೇರಿಸಿದರು.

ಯಜಮಾನರ ಪ್ರಶ್ನೆ ನೇರವಾಗಿತ್ತು. "ಈಗ ನಡೀತಿದೆ ಅಲ್ವೇನಪ್ಪಾ? ಸುಮ್ನೆ ಯಾಕೆ ಕೆದಕೋದು?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೆದಕಿದರೆ ಕೆಡಬಹುದು ಎಂಬ ಅವರ ಭಯ ನಿಜವಾದದ್ದೇ. ನಾನು ಅವರಿಗೆ ಒಂದು ಉದಾಹರಣೆ ಕೊಟ್ಟೆ. 2022ರ ಜನವರಿ 25ರಂದು, ಅಂದರೆ ಬೆಂಬಲ ಮುಗಿದು ಒಂದು ತಿಂಗಳೂ ಆಗಿರಲಿಲ್ಲ, ಪಿಕೆಎಕ್ಸೆಕ್ ಎಂಬ ಸಲಕರಣೆಯಲ್ಲಿ ದೊಡ್ಡ ತೂತು ಬಯಲಾಯಿತು. ಅದು 2009ರಿಂದಲೂ ಅಲ್ಲೇ ಇತ್ತು. ಯಂತ್ರದೊಳಗೆ ಮಾಮೂಲಿ ಬಳಕೆದಾರನಾಗಿ ಬಂದವನು ಅದರ ಮೂಲಕ ಪೂರ್ತಿ ಒಡೆಯನಾಗಬಹುದಿತ್ತು. ಇಂಥದ್ದು ಮುಂದೆಯೂ ಬರುತ್ತಲೇ ಇರುತ್ತದೆ. ಪ್ರತಿ ಸಲ ತೇಪೆ ತರಲು ಒಂದು ಜೀವಂತ ಮೂಲ ಬೇಕು. ಈ ಸರ್ವರ್‌ಗೆ ಆ ಮೂಲ ಬತ್ತಿಹೋಗಿತ್ತು. ಅದರೊಳಗೆ ರೈತರ ಬ್ಯಾಂಕ್ ಖಾತೆಯ ವಿವರಗಳಿದ್ದವು. ಅದನ್ನು ಕೇಳಿದ ಮೇಲೆ ಯಜಮಾನರು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಹರಾಜಿನ ದಿನ ಬೆಳಿಗ್ಗೆ ಪಟ್ಟಿ ಹೊಡೆಯಬೇಕು, ಏನೇ ಆದರೂ.

ಯಾವ ದಾರಿ?

ಮೊದಲು ಬಂದ ಸಲಹೆ ಹುಡುಗನದು: "ಉಬುಂಟು ಹಾಕ್ಬಿಡೋಣ ಸಾರ್, ನನಗೆ ಅದು ಗೊತ್ತು." ಗೊತ್ತಿರುವುದನ್ನು ಆರಿಸುವುದು ತಪ್ಪಲ್ಲ. ಆದರೆ ಸೆಂಟ್‌ಒಎಸ್‌ನ ಪ್ಯಾಕೇಜುಗಳು ಆರ್‌ಪಿಎಂ ಬಗೆಯವು, ಉಬುಂಟುವಿನವು ಡೆಬಿಯನ್ ಬಗೆಯವು. ಯಾವ ಫೈಲ್ ಯಾವ ಪ್ಯಾಕೇಜಿಗೆ ಸೇರಿದ್ದು ಎಂಬ ಲೆಕ್ಕದ ಪುಸ್ತಕವೇ ಎರಡರಲ್ಲೂ ಬೇರೆ. ಒಂದರ ಲೆಕ್ಕವನ್ನು ಇನ್ನೊಂದು ಓದುವುದಿಲ್ಲ. ಹಾಗಾಗಿ ಉಬುಂಟು ಅಂದರೆ ಡಿಸ್ಕ್ ಒರೆಸಿ ಹೊಸದಾಗಿ ಹಾಕುವುದೇ. ಹೊಸದಾಗಿ ಹಾಕಿದರೆ ಬರಹದಲ್ಲಿಲ್ಲದ ಆ ಸಣ್ಣಪುಟ್ಟ ಹೊಂದಿಕೆಗಳನ್ನೆಲ್ಲ ಮತ್ತೆ ಹುಡುಕಿ ಕಟ್ಟಬೇಕು. ಯಾವುದು ಬಿಟ್ಟುಹೋಯಿತು ಎಂದು ಗೊತ್ತಾಗುವುದು ಚೀಲ ತಕ್ಕಡಿಯ ಮೇಲೆ ಬಿದ್ದಾಗ.

ಒಂದೇ ಕುಟುಂಬದೊಳಗೆ ದಾಟುವುದು ಬೇರೆ ಮಾತು. ಸೆಂಟ್‌ಒಎಸ್ 8, ಆಲ್ಮಾಲಿನಕ್ಸ್ 8, ರಾಕಿ ಲಿನಕ್ಸ್ 8 ಮೂರೂ ಆಗ ರೆಡ್ ಹ್ಯಾಟ್ ಕಂಪನಿಯ ಎಂಟರ್‌ಪ್ರೈಸ್ ಲಿನಕ್ಸ್ 8ರ ಮೂಲ ಸಂಕೇತದಿಂದಲೇ ಮತ್ತೆ ಕಟ್ಟಿದವು. ಒಂದೇ ತೋಟದ ಕಾಯಿಯನ್ನು ಬೇರೆ ಬೇರೆ ಮಂಡಿಯವರು ತಮ್ಮ ತಮ್ಮ ಚೀಲಕ್ಕೆ ತುಂಬಿ ಮುದ್ರೆ ಒತ್ತಿದ ಹಾಗೆ. ಒಳಗಿನ ಸರಕು ಹೆಚ್ಚುಕಡಿಮೆ ಅದೇ. ಸಹಿ, ಹೆಸರು, ತರುವ ವಿಳಾಸ ಬೇರೆ. ಆದ್ದರಿಂದ ಬೇರೆ ಮೂಲದ ಸಹಿ ಮತ್ತು ವಿಳಾಸ ಕೊಟ್ಟು, ಪ್ಯಾಕೇಜುಗಳನ್ನು ತಂದು ಹಾಕುವ ಡಿಎನ್‌ಎಫ್ ಎಂಬ ಸಲಕರಣೆಗೆ "ಇಲ್ಲಿರುವುದನ್ನೆಲ್ಲ ಆ ಮೂಲದ ಆವೃತ್ತಿಗೆ ಸರಿಹೊಂದಿಸು" ಎಂದರೆ ಆಯಿತು. ಆ ಆದೇಶದ ಹೆಸರು ಡಿಸ್ಟ್ರೊ-ಸಿಂಕ್. ಬಳಕೆದಾರರ ಫೋಲ್ಡರ್‌ಗಳು, ಡೇಟಾಬೇಸ್, ಕೈಯಾರೆ ತಿದ್ದಿದ ಹೊಂದಿಕೆ ಫೈಲುಗಳು ಇದ್ದಲ್ಲೇ ಉಳಿಯುತ್ತವೆ.

ಇನ್ನೊಂದು ಕಾರಣ ಡೇಟಾಬೇಸ್‌ಗೆ ಸಂಬಂಧಿಸಿದ್ದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯಿಂದ ಕೇಳಿ ತಿಳಿಯುತ್ತದೆ. ರೈತರ ಹೆಸರು, ಊರಿನ ಹೆಸರುಗಳ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ನಿಂತಿರುವುದು ಆ ಕ್ರಮದ ಮೇಲೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಕ್ರಮ ದೊಡ್ಡದಾಗಿ ಬದಲಾಯಿತು. ಹಳೆಯ ಜಿಲಿಬ್‌ಸಿ ಮೇಲೆ ಕಟ್ಟಿದ ಇಂಡೆಕ್ಸನ್ನು ಹಾಗೇ ಹೊಸದರ ಮೇಲೆ ಓಡಿಸಿದರೆ, ಇರುವ ಹೆಸರೂ ಹುಡುಕಿದಾಗ ಸಿಗದೆ ಹೋಗಬಹುದು. ತಪ್ಪು ಆಗಿದೆ ಎಂಬ ಸೂಚನೆಯೂ ಬಾರದಿರಬಹುದು. ಸೆಂಟ್‌ಒಎಸ್ 8ರಲ್ಲೂ ಆಲ್ಮಾಲಿನಕ್ಸ್ 8ರಲ್ಲೂ ಇರುವುದು ಅದೇ 2.28. ಹಾಗಾಗಿ ಈ ದಾಟುವಿಕೆಯಲ್ಲಿ ಆ ಅಪಾಯ ಇರಲಿಲ್ಲ.

ಸೆಂಟ್‌ಒಎಸ್ ಸ್ಟ್ರೀಮ್ 8ಕ್ಕೆ ಹೋಗುವುದು ಇನ್ನೂ ಸುಲಭವಿತ್ತು. ಆದರೆ ಅದರ ಆಯುಸ್ಸು 2024ರ ಮೇವರೆಗೆ ಮಾತ್ರ. ಆಲ್ಮಾ ಮತ್ತು ರಾಕಿ ಎರಡಕ್ಕೂ 8ನೇ ಆವೃತ್ತಿಯ ಭದ್ರತಾ ಬೆಂಬಲ 2029ರವರೆಗೆ. ಈ ಎರಡರ ನಡುವೆ ಆರಿಸಲು ದೊಡ್ಡ ತಾಂತ್ರಿಕ ಕಾರಣ ಇರಲಿಲ್ಲ. ನಾನು ನೋಡಿಕೊಳ್ಳುವ ಬೇರೆ ಯಂತ್ರಗಳಲ್ಲಿ ಆಲ್ಮಾ ಇತ್ತು, ಅದನ್ನೇ ಆರಿಸಿದೆವು. ಎರಡರಲ್ಲಿ ಯಾವುದು ಎಂದು ವಾರಗಟ್ಟಲೆ ವಾದ ಮಾಡುವವರಿಗೆ ನನ್ನ ಮಾತು ಇಷ್ಟೇ: ಆ ಸಮಯವನ್ನು ಬ್ಯಾಕಪ್‌ಗೆ ಕೊಡಿ.

ತಯಾರಿ

ಮೊದಲ ಕೆಲಸ, ಯಂತ್ರದಲ್ಲಿ ಕೈಯಾರೆ ಏನೇನು ತಿದ್ದಲಾಗಿದೆ ಎಂದು ತಿಳಿಯುವುದು. ಬರಹ ಇಲ್ಲದಿದ್ದರೂ ಆರ್‌ಪಿಎಂಗೆ ನೆನಪಿದೆ. ಅದರಲ್ಲಿ ಪರಿಶೀಲನೆಯ ಆದೇಶ ಒಂದಿದೆ. ಪ್ಯಾಕೇಜ್ ಬಂದಾಗ ಇದ್ದದ್ದಕ್ಕಿಂತ ಈಗ ಬೇರೆಯಾಗಿರುವ ಫೈಲುಗಳನ್ನೆಲ್ಲ ಅದು ತೋರಿಸುತ್ತದೆ. ಯಾವ ಪ್ಯಾಕೇಜಿಗೂ ಸೇರದ ಫೈಲುಗಳನ್ನು ಇನ್ನೊಂದು ಸಲ ಹುಡುಕಿದೆವು. ಹುಡುಗ ಕೂತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದ. ಆ ಯಂತ್ರದ ಬಗ್ಗೆ ಮೊದಲ ಸಲ ಒಂದು ಬರಹ ಹುಟ್ಟಿತು.

ಆಮೇಲೆ ಬ್ಯಾಕಪ್. ಎಲ್‌ವಿಎಂ (ಡಿಸ್ಕಿನ ಭಾಗಗಳನ್ನು ನಿರ್ವಹಿಸುವ ವ್ಯವಸ್ಥೆ) ಕೊಡುವ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ, ಸಾಕಲ್ಲವೇ ಎಂಬ ಮಾತು ಬಂತು. ಸಾಕಾಗುವುದಿಲ್ಲ. ಯಂತ್ರ ಏಳಲು ಬೇಕಾದ ಬೂಟ್ ಭಾಗ ಮತ್ತು ಇಎಫ್‌ಐ ಭಾಗ ಎಲ್‌ವಿಎಂನ ಹೊರಗಿವೆ, ಸ್ನ್ಯಾಪ್‌ಶಾಟ್ ಅವನ್ನು ಕಾಯುವುದಿಲ್ಲ. ಈ ಕೆಲಸದಲ್ಲಿ ಬದಲಾಗುವ ಮುಖ್ಯ ಜಾಗಗಳೇ ಅವು. ಕ್ಲೋನ್‌ಜಿಲ್ಲಾ ಎಂಬ ಸಲಕರಣೆಯಿಂದ ಇಡೀ ಡಿಸ್ಕಿನ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದೆವು. ಡೇಟಾಬೇಸ್‌ನ ಡಂಪ್ (ಒಳಗಿನ ಡೇಟಾ ಪೂರ್ತಿಯ ಪ್ರತಿ) ಬೇರೆಯಾಗಿ ತೆಗೆದು ಇನ್ನೊಂದು ಕಂಪ್ಯೂಟರಿನಲ್ಲಿ ಇಟ್ಟೆವು.

ಆ ಡಿಸ್ಕ್ ಪ್ರತಿಯನ್ನು ತುಮಕೂರಿಗೆ ತಂದು ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟುವ ಇನ್ನೊಂದು ಯಂತ್ರ) ಇಳಿಸಿದೆ. ತಾಲೀಮು ಅಲ್ಲೇ. ಮೊದಲು ರೆಪೊಗಳನ್ನು ವಾಲ್ಟ್ ಕಡೆ ತಿರುಗಿಸಿ ಸೆಂಟ್‌ಒಎಸ್ ಅನ್ನು ಅದರ ಕೊನೆಯ ಸ್ಥಿತಿಯಾದ 8.5ಕ್ಕೆ ತಂದೆ. ರೀಬೂಟ್ ಮಾಡಿದೆ. ನಂತರ ಆಲ್ಮಾದವರೇ ಕೊಡುವ ವಲಸೆಯ ಸ್ಕ್ರಿಪ್ಟ್ ಓಡಿಸಿದೆ. ಅದು ಸಹಿಯ ಕೀಲಿ ತರುತ್ತದೆ, ಸೆಂಟ್‌ಒಎಸ್‌ನ ಗುರುತಿನ ಪ್ಯಾಕೇಜುಗಳನ್ನು ತೆಗೆದು ತನ್ನದನ್ನು ಹಾಕುತ್ತದೆ, ಆಮೇಲೆ ಡಿಸ್ಟ್ರೊ-ಸಿಂಕ್ ಮಾಡಿಸುತ್ತದೆ.

ತಾಲೀಮಿನಲ್ಲಿ ಎರಡು ವಿಷಯ ಸಿಕ್ಕವು. ಯಾವುದೋ ಹಳೆಯ ರಿಮೋಟ್ ತಂತ್ರಾಂಶದ ರೆಪೊ ಒಂದು ಪಟ್ಟಿಯಲ್ಲಿತ್ತು. ಅದರ ವಿಳಾಸ ಸತ್ತಿತ್ತು. ಅದೊಂದರಿಂದಲೇ ಡಿಎನ್‌ಎಫ್ ಮುಂದೆ ಹೋಗಲಿಲ್ಲ. ಅದನ್ನು ಮುಚ್ಚಿದ್ದರಿಂದ ಸರಿಹೋಯಿತು.

ಎರಡನೆಯದು ಸ್ವಲ್ಪ ಸೂಕ್ಷ್ಮ. ಸರಿಹೊಂದಿಸುವುದು ಅಂದರೆ ಮೇಲೇರಿಸುವುದು ಮಾತ್ರ ಅಲ್ಲ. ಹೊಸ ಮೂಲದಲ್ಲಿ ಕಡಿಮೆ ಆವೃತ್ತಿ ಇದ್ದರೆ ಡಿಸ್ಟ್ರೊ-ಸಿಂಕ್ ಕೆಳಗೂ ಇಳಿಸುತ್ತದೆ. ಡೌನ್‌ಗ್ರೇಡ್ ಆಗುವವುಗಳ ಸಾಲಿನಲ್ಲಿ ಒಂದು ಕನ್ನಡ ಫಾಂಟಿನ ಪ್ಯಾಕೇಜ್ ಇತ್ತು. ಹಿಂದಿನವರು ಅದೇ ಕುಟುಂಬದ ಫೆಡೊರಾ ಲಿನಕ್ಸ್‌ನ ಹೊಸ ಆವೃತ್ತಿಯನ್ನು ತಂದು ಹಾಕಿದ್ದರು. ಅದು ಹಳೆಯದಕ್ಕೆ ಇಳಿದ ಮೇಲೆ ರೈತರ ಪಟ್ಟಿಯನ್ನು ಪರದೆಯ ಮೇಲೆ ತೆಗೆದು ನೋಡಿದರೆ ಅಕ್ಷರಗಳ ಅಗಲ ಬದಲಾಗಿ, ಉದ್ದದ ಊರಿನ ಹೆಸರುಗಳು ತೂಕದ ಅಂಕಣದೊಳಗೆ ನುಗ್ಗಿದ್ದವು. ಆ ಪ್ಯಾಕೇಜನ್ನು ಮುಟ್ಟಬೇಡ ಎಂದು ಡಿಎನ್‌ಎಫ್‌ನ ಹೊಂದಿಕೆಯಲ್ಲಿ ಬರೆದು ತಾಲೀಮನ್ನು ಮತ್ತೆ ಮೊದಲಿಂದ ಮಾಡಿದೆ. ಈ ಕೆಲಸಕ್ಕೆ ಇಳಿಯುವವರು ಡೌನ್‌ಗ್ರೇಡ್ ಸಾಲನ್ನು ಒಂದೊಂದಾಗಿ ಓದಲೇಬೇಕು. ನೂರಾರು ಹೆಸರುಗಳ ನಡುವೆ ಅಲ್ಲಿರುವುದು ಮೂರೋ ನಾಲ್ಕೋ ಸಾಲು. ಆದರೆ ಯಾರೋ ಬೇಕೆಂದೇ ಮಾಡಿದ ತೀರ್ಮಾನಗಳೆಲ್ಲ ಆ ಸಾಲುಗಳಲ್ಲಿ ಇರುತ್ತವೆ.

ತಾಲೀಮು ಗೆದ್ದ ಮೇಲೆ ಇನ್ನೊಂದು ಪಟ್ಟಿ ಬರೆದೆವು. ತಾಲೀಮಿನಲ್ಲಿ ಪರೀಕ್ಷೆ ಆಗದೇ ಉಳಿದದ್ದು ಏನು? ನನ್ನ ವರ್ಚುವಲ್ ಯಂತ್ರ ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಆಗುತ್ತಿತ್ತು, ಮಂಡಿಯದು ಹೊಸ ಯುಇಎಫ್‌ಐ ರೀತಿಯಲ್ಲಿ. ತಕ್ಕಡಿ ನನ್ನ ಹತ್ತಿರ ಇರಲಿಲ್ಲ. ಪ್ರಿಂಟರ್ ಇರಲಿಲ್ಲ. ಮಂಡಿಯಲ್ಲಿ ಕರೆಂಟ್ ಹೋಗುತ್ತದೆ, ನನ್ನ ಮನೆಯಲ್ಲಿ ಇನ್ವರ್ಟರ್ ಇದೆ. ಒಂದೊಂದಕ್ಕೂ ಎದುರಿಗೆ ಒಂದು ಉತ್ತರ ಬರೆದೆವು. ಬೂಟ್‌ಗೆ ರೆಸ್ಕ್ಯೂ ಪೆನ್‌ಡ್ರೈವ್. ತಕ್ಕಡಿಗೆ ಪರೀಕ್ಷೆಯ ಚೀಲ. ಕರೆಂಟಿಗೆ ಹೊಸ ಬ್ಯಾಟರಿ ಹಾಕಿದ ಯುಪಿಎಸ್. ಪ್ಯಾಕೇಜುಗಳನ್ನು ಮೊದಲೇ ಪೂರ್ತಿ ಇಳಿಸಿಟ್ಟುಕೊಳ್ಳುವುದು, ಯಾಕೆಂದರೆ ಬದಲಾವಣೆ ಅರ್ಧಕ್ಕೆ ಬಂದಾಗ ನೆಟ್ ಹೋದರೂ ತೊಂದರೆ ಆಗಬಾರದು. ದೂರದಿಂದ ಮಾಡುವುದು ಬೇಡ, ಯಂತ್ರದ ಮುಂದೆಯೇ ಕೂತು ಮಾಡುವುದು.

ಕೊನೆಗೆ ಒಂದು ನಿಯಮ ಬರೆದು ಯಜಮಾನರಿಗೂ ತೋರಿಸಿದೆವು. ಏನಾದರೂ ಕೆಟ್ಟರೆ ಒಂದು ಗಂಟೆ ಸರಿಪಡಿಸಲು ನೋಡುತ್ತೇವೆ. ಆಗದಿದ್ದರೆ ಮರುಮಾತಿಲ್ಲದೆ ಹಳೆಯ ಡಿಸ್ಕ್ ಪ್ರತಿ ವಾಪಸ್.

ಆ ಸಂಜೆ

ಹರಾಜಿಲ್ಲದ ದಿನ, ಲೆಕ್ಕ ಮುಚ್ಚಿದ ಮೇಲೆ ಶುರುಮಾಡಿದೆವು. ಡಿಸ್ಟ್ರೊ-ಸಿಂಕ್ ತಾಲೀಮಿನಲ್ಲಿ ನಡೆದಂತೆಯೇ ನಡೆಯಿತು. ಫಾಂಟ್ ಉಳಿಯಿತು. ರೀಬೂಟ್ ಕೊಟ್ಟೆವು. ಪರದೆಯ ಮೇಲೆ ಬೂಟ್ ಮಾಡಲು ಯಾವ ಸಾಧನವೂ ಇಲ್ಲ ಎಂಬ ಸಾಲು ಬಂತು.

"ಏನಪ್ಪಾ, ಹೋಯ್ತಾ?" ಎಂದರು ಯಜಮಾನರು.

"ಇಲ್ಲ ಯಜಮಾನ್ರೇ, ಡಿಸ್ಕ್‌ನಲ್ಲಿ ಎಲ್ಲ ಇದೆ. ದಾರಿ ತಪ್ಪಿದೆ ಅಷ್ಟೇ. ಗಡಿಯಾರ ನೋಡ್ಕೊಳ್ಳಿ, ಒಂದು ಗಂಟೆ ಕೊಡಿ."

ಆ ಗಳಿಗೆಯಲ್ಲಿ ತಕ್ಷಣ ಹಳೆಯ ಪ್ರತಿ ಇಳಿಸಿಬಿಡೋಣ ಎಂಬ ಆಸೆ ಬಲವಾಗಿತ್ತು. ಇಳಿಸಿದ್ದರೆ ಬೆಳಿಗ್ಗೆಗೆ ಪಟ್ಟಿ ಖಂಡಿತ ಹೊಡೆಯುತ್ತಿತ್ತು, ಆದರೆ ಕೆಲಸ ಮತ್ತೆ ಮೊದಲಿಗೆ ಬರುತ್ತಿತ್ತು. ಗಂಟೆಯ ನಿಯಮ ಮೊದಲೇ ಇದ್ದದ್ದರಿಂದ ಯಾರೂ ಗಾಬರಿಯಲ್ಲಿ ತೀರ್ಮಾನ ಮಾಡಬೇಕಾಗಲಿಲ್ಲ.

ಯುಇಎಫ್‌ಐ ಯಂತ್ರದಲ್ಲಿ ಯಾವ ಫೈಲಿನಿಂದ ಬೂಟ್ ಆಗಬೇಕು ಎಂಬುದು ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ. ಡಿಸ್ಕಿನಲ್ಲಿ ಇರುವುದಿಲ್ಲ. ಹಳೆಯ ದಾಖಲೆ ಸೆಂಟ್‌ಒಎಸ್ ಹೆಸರಿನ ಫೋಲ್ಡರ್‌ನೊಳಗಿನ ಶಿಮ್ ಎಂಬ ಬೂಟ್ ಫೈಲನ್ನು ತೋರಿಸುತ್ತಿತ್ತು. ಪ್ಯಾಕೇಜ್ ಬದಲಾದಾಗ ಆ ಫೈಲ್ ಹೋಗಿ, ಆಲ್ಮಾಲಿನಕ್ಸ್ ಹೆಸರಿನ ಫೋಲ್ಡರ್‌ನಲ್ಲಿ ಹೊಸದು ಬಂದಿತ್ತು. ಹೊಸ ದಾಖಲೆ ಮದರ್‌ಬೋರ್ಡಿನ ಆ ನೆನಪಿನಲ್ಲಿ ಉಳಿದಿರಲಿಲ್ಲ. ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಎದ್ದು, ಇಎಫ್‌ಐ ಬೂಟ್ ಮ್ಯಾನೇಜರ್ ಆದೇಶದಿಂದ ಆ ದಾಖಲೆಗಳ ಪಟ್ಟಿ ತೆಗೆದು ನೋಡಿದಾಗ ಇದು ಸ್ಪಷ್ಟವಾಯಿತು. ಹೊಸ ಫೈಲನ್ನು ತೋರಿಸುವ ದಾಖಲೆ ಸೇರಿಸಿ, ಹಳೆಯದನ್ನು ಅಳಿಸಿದೆವು. ಯಂತ್ರ ಎದ್ದಿತು. ಸಹಿ ಇರುವ ಬೂಟ್ ಫೈಲನ್ನಷ್ಟೇ ಒಪ್ಪುವ ಸೆಕ್ಯೂರ್ ಬೂಟ್ ಆ ಯಂತ್ರದಲ್ಲಿ ಮೊದಲಿನಿಂದಲೂ ಆಫ್ ಇತ್ತು, ಹಾಗಾಗಿ ಆ ಕಡೆಯ ತೊಡಕು ಬರಲಿಲ್ಲ. ದಾಖಲೆ ನಿಜವಾಗಿ ನಿಂತಿದೆಯಾ ಎಂದು ನೋಡಲು ವೈರ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆವು. ಎದ್ದಿತು.

ಗಂಟೆ ಇನ್ನೂ ಮುಗಿದಿರಲಿಲ್ಲ. ಗುಮಾಸ್ತರು ಒಂದು ಚೀಲ ತಕ್ಕಡಿಗೆ ಇಡಿಸಿ, ಸುಳ್ಳು ಲಾಟ್ ಬರೆದು ಪಟ್ಟಿ ಹೊಡೆದರು. ಉದ್ದದ ಊರಿನ ಹೆಸರನ್ನೇ ಬೇಕೆಂದು ಆರಿಸಿದ್ದರು. ಅಂಕಣ ಸರಿಯಾಗಿತ್ತು.

ನಂತರ ಪ್ಯಾಕೇಜುಗಳ ತಯಾರಕರ ಹೆಸರನ್ನು ಪಟ್ಟಿ ಮಾಡಿ ನೋಡಿದೆವು. ಹಳೆಯ ಕರ್ನಲ್‌ಗಳು (ಸಿಸ್ಟಮ್ಮಿನ ತಿರುಳಿನ ಭಾಗ) ಮಾತ್ರ ಸೆಂಟ್‌ಒಎಸ್ ಹೆಸರಿನಲ್ಲಿ ಉಳಿದಿದ್ದವು. ಹೊಸ ಕರ್ನಲ್ ಒಂದಷ್ಟು ಹರಾಜುಗಳನ್ನು ತೊಂದರೆಯಿಲ್ಲದೆ ದಾಟಲಿ ಎಂದು ಅವನ್ನು ಹಾಗೇ ಬಿಟ್ಟು, ಆಮೇಲೆ ತೆಗೆದೆವು.

ಮೌನವಾಗಿ ನಿಂತಿದ್ದ ಬ್ಯಾಕಪ್

ಹರಾಜಿನ ದಿನ ಚೆನ್ನಾಗಿಯೇ ನಡೆಯಿತು. ಆದರೆ ಆ ವಾರದಲ್ಲೇ ಗುಮಾಸ್ತರು ಫೋನ್ ಮಾಡಿದರು. ಬ್ಯಾಕಪ್ ಫೋಲ್ಡರಿನಲ್ಲಿ ಹೊಸ ತಾರೀಖಿನ ಫೈಲ್ ಕಾಣುತ್ತಿಲ್ಲ ಎಂದರು. ಪ್ರತಿ ವಾರ ಆ ಫೋಲ್ಡರ್ ತೆರೆದು ತಾರೀಖು ನೋಡುವುದು ಅವರ ವರ್ಷಗಳ ಅಭ್ಯಾಸ. ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ.

ರಾತ್ರಿಯ ಸ್ಕ್ರಿಪ್ಟ್ ತೆರೆದು ನೋಡಿದೆವು. ಬರೆದವರು ಅದನ್ನು ಬೇರೆ ಬೇರೆ ಯಂತ್ರಗಳಿಗೆ ಅಂತ ಬರೆದಿರಬೇಕು. ಮೊದಲ ಸಾಲುಗಳಲ್ಲಿ ಸಿಸ್ಟಮ್ಮಿನ ಹೆಸರನ್ನು ಓದಿ, ಸೆಂಟ್‌ಒಎಸ್ ಆದರೆ ಒಂದು ದಾರಿ, ಉಬುಂಟು ಆದರೆ ಇನ್ನೊಂದು ದಾರಿ ಎಂದಿತ್ತು. ಎರಡೂ ಅಲ್ಲದಿದ್ದರೆ ಸುಮ್ಮನೆ ಮುಗಿಯುತ್ತಿತ್ತು. ತಪ್ಪಿನ ಸಂದೇಶವನ್ನೂ ಬರೆಯುತ್ತಿರಲಿಲ್ಲ. ಹೆಸರು ಈಗ ಆಲ್ಮಾಲಿನಕ್ಸ್. ಹಾಗಾಗಿ ಪ್ರತಿ ರಾತ್ರಿ ಅದು ಎದ್ದು, ನೋಡಿ, ಏನೂ ಮಾಡದೆ ಮಲಗುತ್ತಿತ್ತು. ಆ ಪರೀಕ್ಷೆಯನ್ನು ಕುಟುಂಬದ ಹೆಸರಿಗೆ ಬದಲಿಸಿದೆವು, ಮತ್ತು ಬ್ಯಾಕಪ್ ಆಗದಿದ್ದರೆ ಗುಮಾಸ್ತರಿಗೆ ಸಂದೇಶ ಹೋಗುವಂತೆ ಮಾಡಿದೆವು. ಆಮೇಲೆ ಯಂತ್ರದ ಎಲ್ಲ ಸ್ಕ್ರಿಪ್ಟ್‌ಗಳಲ್ಲೂ ಸೆಂಟ್‌ಒಎಸ್ ಎಂಬ ಹೆಸರನ್ನು ಹುಡುಕಿದೆವು. ಬದಲಾವಣೆಗೆ ಮುಂಚೆ ಮಾಡುವ ಕೆಲಸಗಳ ಪಟ್ಟಿಯಲ್ಲಿ ಈ ಹುಡುಕಾಟ ಈಗ ನನ್ನಲ್ಲಿ ಖಾಯಂ ಸೇರಿದೆ.

ಈ ಮಂಡಿಯ ಅನುಭವ ಕೇಳಿ ಬೇರೆ ಕಡೆಯವರು ವಿಚಾರಿಸಿದಾಗ ನಾನು ಮೊದಲು ಕೇಳುವುದು ಒಂದೇ: ನೀವು ಹೋಗುತ್ತಿರುವುದು ಅದೇ ಕುಟುಂಬದ, ಅದೇ ಆವೃತ್ತಿ ಸಂಖ್ಯೆಗಾ? ಹೌದಾದರೆ ಈ ದಾರಿ ಒಳ್ಳೆಯದು. 8ರಿಂದ 9ಕ್ಕೆ ಹೋಗುವುದಾದರೆ ಮಾತು ಬೇರೆ. ಅದಕ್ಕೂ ಲೀಪ್, ಎಲಿವೇಟ್ ಎಂಬ ಸಲಕರಣೆಗಳಿವೆ. ಆದರೆ 9ರಲ್ಲಿ ಜಿಲಿಬ್‌ಸಿ 2.34, ಡೇಟಾಬೇಸಿನ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಿಯೇ ಮುಂದೆ ಹೋಗಬೇಕು. ಪೋಸ್ಟ್‌ಗ್ರೆಸ್ 12ರ ಬೆಂಬಲವೂ 2024ರ ನವೆಂಬರ್‌ಗೆ ಮುಗಿದಿದೆ. ಈ ಮಂಡಿಗೆ ನಾನು ಕೊಟ್ಟ ಸಲಹೆ ಇಷ್ಟು. ಮುಂದಿನ ಸಲ ಪಕ್ಕದಲ್ಲಿ ಎರಡನೆಯ ಯಂತ್ರ ಇಟ್ಟು, ಹುಡುಗನ ಆ ನೋಟ್‌ಬುಕ್ ನೋಡಿಕೊಂಡು ಹೊಸದಾಗಿಯೇ ಕಟ್ಟಿ, ಡಂಪಿನಿಂದ ಡೇಟಾ ತುಂಬಿ, ಕೆಲವು ಹರಾಜು ಎರಡನ್ನೂ ಜೊತೆಗೆ ಓಡಿಸಿ ನೋಡುವುದು. ಯಜಮಾನರು ಯಂತ್ರದ ಬೆಲೆ ಕೇಳಿದ್ದಾರೆ. ಹುಡುಗ ಬೆಲೆಪಟ್ಟಿ ತರಿಸುತ್ತಿದ್ದಾನೆ.